ನಕ್ಷತ್ರ ನೋಡಲು ತೋಟದಲ್ಲೊಂದು ಮರದ ಮನೆ: ಮಾಡು ಮಳೆಗೆ, ಅಟ್ಟಣೆ ಆಕಾಶಕ್ಕೆ

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕಿನಲ್ಲಿ ಆರು ಎಕರೆ ಕಾಫಿ ತೋಟ. ತೋಟದ ಮೇಲ್ತುದಿಯಲ್ಲಿ, ಗುಡ್ಡದ ನೆತ್ತಿಯಲ್ಲಿ ಸ್ವಲ್ಪ ಜಾಗ ಸಮ ಮಾಡಿಸಿ, ರಾತ್ರಿ ಆಕಾಶ ನೋಡಲಿಕ್ಕೆಂದೇ ಒಂದು ಸಣ್ಣ ಮರದ ಮನೆ ಕಟ್ಟುವ ಆಸೆ ಇದೆ. ನಾಲ್ಕೈದು ಜನ ಉಳಿಯುವಷ್ಟಿದ್ದರೆ ಸಾಕು. ತೋಟದಲ್ಲಿ 25–30 ವರ್ಷದ ಸಿಲ್ವರ್ ಓಕ್ ಮರಗಳಿವೆ. ಅದನ್ನೇ ಬಳಸಬಹುದಾ? ಮಲಗಿದಲ್ಲಿಂದಲೇ ನಕ್ಷತ್ರ ಕಾಣಬೇಕು, ಮಾಡಿನ (ಛಾವಣಿಯ) ಒಂದು ಭಾಗ ಗಾಜಿನದ್ದಿರಲಿ ಅಂತ ಮಕ್ಕಳು ಹೇಳುತ್ತಾರೆ. ದಕ್ಷಿಣಕ್ಕೆ ಮರಗಳು ಅಡ್ಡ ಬರುತ್ತವೆ, ಕೆಲವನ್ನು ಕಡಿಸಬೇಕಾ? ಟೆಲಿಸ್ಕೋಪ್ ಯಾವುದು ತಗೊಳ್ಳಬೇಕು? ಪರಿಸರಕ್ಕೆ ತೊಂದರೆ ಆಗಬಾರದು ಅನ್ನೋದು ನಮ್ಮ ಮುಖ್ಯ ಕಾಳಜಿ.

ಉತ್ತರ:

ಗಾಜಿನ ಮಾಡಿನಿಂದಲೇ ಶುರು ಮಾಡುತ್ತೇನೆ. ಅದನ್ನು ಕೈಬಿಟ್ಟರೆ ನಿಮ್ಮ ಮನೆಯ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಮೋಡವಿಲ್ಲದ ರಾತ್ರಿಯಲ್ಲಿ ಗಾಜು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ಜಾಸ್ತಿ ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯಲ್ಲೂ ಕೊಡಗಿನ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಆ ತೇವ ಗಾಜಿನ ಹೊರಮೈ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಅಂಗಳದಲ್ಲಿ ನಿಲ್ಲಿಸಿದ ಕಾರಿನ ಗಾಜು ಬೆಳಗಿನ ಜಾವ ಹೇಗಿರುತ್ತದೆ ಅಂತ ನೋಡಿಯೇ ಇರುತ್ತೀರಿ. ಒಳಗೆ ನಾಲ್ಕು ಜನ ಮಲಗಿದರೆ ಅವರ ಉಸಿರಿನ ತೇವ ಒಳಮೈಗೂ ಹತ್ತುತ್ತದೆ. ಅಂದರೆ ಆಕಾಶ ಚೆನ್ನಾಗಿರುವ ರಾತ್ರಿಯಲ್ಲೇ ನಿಮ್ಮ ಗಾಜು ಮಸುಕಾಗಿರುತ್ತದೆ. ಇನ್ನು ಮಳೆಗಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಎಲೆ ಬಿದ್ದು ಕೊಳೆಯುತ್ತದೆ, ಪಾಚಿ ಕಟ್ಟುತ್ತದೆ. ಗಾಜು ಮರಕ್ಕೆ ಸೇರುವ ಸಂದಿನಲ್ಲಿ ನೀರು ಇಳಿಯುತ್ತದೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗಾಜು ಹಾಗೆ ಮಾಡುವುದಿಲ್ಲ. ಆ ಸಂದಿಗೆ ಎಷ್ಟು ಒಳ್ಳೆಯ ಸೀಲೆಂಟ್ ಹಾಕಿದರೂ ಕೆಲವು ವರ್ಷದಲ್ಲಿ ಬಿಟ್ಟುಕೊಳ್ಳುತ್ತದೆ. ಕೆಳಗಿನ ಪಕಾಸು ಕೊಳೆಯಲು ಅಷ್ಟು ಸಾಕು.

ನಾನು ಹೇಳುವುದು ಇಷ್ಟೇ. ಕೊಡಗಿನಲ್ಲಿ ಮನೆ ಹೇಗಿರಬೇಕು ಅಂತ ಮಳೆ ಹೇಳಲಿ. ಆಕಾಶ ನೋಡುವ ಜಾಗ ಹೇಗಿರಬೇಕು ಅಂತ ಕತ್ತಲೆ ಹೇಳಲಿ. ಎರಡನ್ನೂ ಒಂದೇ ಮಾಡಿನ ಕೆಳಗೆ ತುರುಕಲು ಹೋಗಬೇಡಿ. ಗಟ್ಟಿ ಮಾಡಿನ ಒಂದು ಸಣ್ಣ ಮನೆ, ಅದರ ಮುಂದೆ ಮಾಡೇ ಇಲ್ಲದ ಒಂದು ಮರದ ಅಟ್ಟಣೆ. ಇಷ್ಟಿದ್ದರೆ ಸಾಕು.

ಮಕ್ಕಳ ಆಸೆಗೂ ದಾರಿ ಇದೆ. ದಕ್ಷಿಣದ ಗೋಡೆಯಲ್ಲಿ ಎಂಟು ಅಡಿ ಅಗಲದ ಮಡಚುವ ಬಾಗಿಲು ಇಡಿಸಿ. ಮಂಚಕ್ಕೆ ಗಾಲಿ ಹಾಕಿಸಿ, ತಲೆ ಹೊಸ್ತಿಲ ಹತ್ತಿರ ಬರುವ ಹಾಗೆ ತಳ್ಳಿಕೊಳ್ಳಿ. ದಿಂಬು ಎತ್ತರಿಸಿ ಹೊರಗೆ ನೋಡುವ ಹಾಗೆ ಮಲಗಿ. ಸೂರು ಬಾಗಿಲಿನಿಂದ ನಾಲ್ಕು ಅಡಿ ಮುಂದಕ್ಕೆ ಚಾಚಿರಲಿ, ಅದರ ಅಂಚು ನಿಮ್ಮ ಕಣ್ಣಿಗಿಂತ ಆರು ಅಡಿ ಮೇಲಿರಲಿ. ಆಗ ದಿಗಂತದಿಂದ ಸುಮಾರು 56 ಡಿಗ್ರಿ ಎತ್ತರದವರೆಗಿನ ಆಕಾಶ ಮಲಗಿದಲ್ಲೇ ಕಾಣುತ್ತದೆ. ನೆತ್ತಿಯ ಆಕಾಶವನ್ನು ಸೂರು ಮರೆ ಮಾಡುವುದರಿಂದ ಹಾಸಿಗೆ ಮೇಲೆ ಇಬ್ಬನಿಯೂ ಬೀಳುವುದಿಲ್ಲ.

56 ಡಿಗ್ರಿ ಕಡಿಮೆಯಾಯಿತು ಅನ್ನಿಸಬಹುದು. ಆದರೆ ಕೊಡಗು ಇರುವುದು 12 ಡಿಗ್ರಿ ಅಕ್ಷಾಂಶದ ಸ್ವಲ್ಪ ಮೇಲೆ. ಇಲ್ಲಿಂದ ದಕ್ಷಿಣದ ಆಕಾಶ ಕಾಣುವಷ್ಟು ಚೆನ್ನಾಗಿ ಉತ್ತರ ಭಾರತದವರಿಗೆ ಕಾಣುವುದಿಲ್ಲ. ಫೆಬ್ರವರಿ ಮೊದಲ ವಾರ ರಾತ್ರಿ ಹತ್ತರ ಹೊತ್ತಿಗೆ ಅಗಸ್ತ್ಯ ನಕ್ಷತ್ರ ನೇರ ದಕ್ಷಿಣದಲ್ಲಿ 25 ಡಿಗ್ರಿ ಎತ್ತರದಲ್ಲಿರುತ್ತದೆ. ಮಾರ್ಚ್ ಕೊನೆಯಲ್ಲಿ ನಡುರಾತ್ರಿ ಕಳೆದ ಮೇಲೆ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ (ಸದರ್ನ್ ಕ್ರಾಸ್) 17–18 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದಾದ ಸ್ವಲ್ಪ ಹೊತ್ತಿಗೆ, ಅದಕ್ಕಿಂತ ಮೇಲೆ, 30 ಡಿಗ್ರಿಯಲ್ಲಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ. ಬರಿಗಣ್ಣಿಗೆ ಅದು ಮಬ್ಬು ಚುಕ್ಕೆ. ಬೈನಾಕ್ಯುಲರಿನಲ್ಲಿ ನೋಡಿದರೆ ಬಿಡಲು ಮನಸ್ಸಾಗುವುದಿಲ್ಲ. ಮಾರ್ಚ್ ನಡುವಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಆಕಾಶಗಂಗೆಯ ನಡುಭಾಗ ಆಗ್ನೇಯದಲ್ಲಿ 30 ಡಿಗ್ರಿ ದಾಟಿರುತ್ತದೆ. ಇವೆಲ್ಲ ಹಾಸಿಗೆಯಿಂದಲೇ ಕಾಣುವಂಥವು. ತಮಿಳುನಾಡಿನ ಕಾವಲೂರಿನಲ್ಲಿ ವೈನು ಬಪ್ಪು ವೀಕ್ಷಣಾಲಯ ಇದೆಯಲ್ಲ, ಅದೂ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿದೆ. ದಕ್ಷಿಣದ ನಕ್ಷತ್ರಗಳು ಸಿಗುತ್ತವೆ ಅನ್ನುವುದು ಆ ಜಾಗದ ದೊಡ್ಡ ಅನುಕೂಲ.

ಉತ್ತರದಲ್ಲಿ ಧ್ರುವ ನಕ್ಷತ್ರ ಬರೀ 12 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ ಅಷ್ಟೇ. ಉತ್ತರಕ್ಕೆ ಗುಡ್ಡವೋ ಮರವೋ ಅಡ್ಡ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಕ್ಷಿಣ ಮತ್ತು ಆಗ್ನೇಯ ತೆರೆದಿರಲಿ.

ಈಗ ಜಾಗದ ಮಾತು. ಗುಡ್ಡದ ನೆತ್ತಿ ಬೇಡ. ಸಮ ಮಾಡಿಸುವುದಂತೂ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ ವಿಪರೀತ ಬಂದಿದ್ದು ನಿಜ. ಆದರೆ ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿದು ಬರೆಯನ್ನು (ಕಡಿದ ಮಣ್ಣಿನ ಗೋಡೆಯನ್ನು) ನೆಟ್ಟಗೆ ನಿಲ್ಲಿಸಿದ್ದೂ ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ಜೆಸಿಬಿ ತಂದು ಅರ್ಧ ದಿನದಲ್ಲಿ ಮಾಡಿದ ಸಮತಟ್ಟು ಜಾಗದ ಹಿಂದೆ ಒಂದು ಬರೆ, ಮುಂದೆ ಸಡಿಲ ಮಣ್ಣಿನ ಒಂದು ರಾಶಿ ಉಳಿಯುತ್ತದೆ. ಕಕ್ಕಡದ (ಜುಲೈ–ಆಗಸ್ಟಿನ) ಮಳೆಗೆ ಎರಡೂ ಅಪಾಯವೇ. ಪರಿಸರದ ಕಾಳಜಿ ಮುಖ್ಯ ಅಂತ ಬರೆದಿದ್ದೀರಿ. ಹಾಗಿದ್ದರೆ ಯಾವ ಮರ ಬಳಸುತ್ತೀರಿ ಅನ್ನುವುದಕ್ಕಿಂತ ಮಣ್ಣು ಕಡಿಯದೇ ಇರುವುದು ದೊಡ್ಡದು.

ನೆತ್ತಿಯಲ್ಲಿ ಗಾಳಿಯೂ ಜಾಸ್ತಿ. ಟೆಲಿಸ್ಕೋಪ್ ಅಲುಗುತ್ತಲೇ ಇರುತ್ತದೆ. ಅಲ್ಲಿ ಹಚ್ಚಿದ ಒಂದು ದೀಪ ಸುತ್ತಲಿನ ಎಲ್ಲ ತೋಟಗಳಿಗೂ ಕಾಣುತ್ತದೆ. ಹಾಗಂತ ಗದ್ದೆ ಬಯಲಿನ ಹತ್ತಿರ ಇಳಿಯಲೂಬೇಡಿ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಗದ್ದೆಯಲ್ಲಿ ನಿಲ್ಲುತ್ತದೆ. ಮಂಜು ಅಲ್ಲೇ ಮೊದಲು ತುಂಬುವುದು. ಇಳಿಜಾರಿನ ನಡುಭಾಗ, ನೆತ್ತಿಗಿಂತ ಸ್ವಲ್ಪ ಕೆಳಗೆ, ದಕ್ಷಿಣಕ್ಕೆ ಮುಖ ಮಾಡಿರುವ ಕಡೆ ಹುಡುಕಿ. ಅಲ್ಲಿ ಮಂಜು ಕಡಿಮೆ, ಗಾಳಿ ಕಡಿಮೆ, ಇಬ್ಬನಿಯೂ ತುಸು ತಡವಾಗಿ ಬೀಳುತ್ತದೆ. ಇಳಿಜಾರು ತೀರಾ ಕಡಿದಾಗಿದ್ದರೆ ಬೇಡ. ಮಳೆಗಾಲದಲ್ಲಿ ಒರತೆ ಏಳುವ ಜಾಗವೂ ಬೇಡ. ಯಾವ ಜಾಗದಲ್ಲಿ ಒರತೆ ಏಳುತ್ತದೆ ಅಂತ ನಿಮ್ಮ ತೋಟದಲ್ಲಿ ವರ್ಷಗಳಿಂದ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿಯೇ ಜಾಗ ಗುರುತು ಮಾಡಿ.

ಹೀಗೆ ಮಾಡಿದರೆ ಮರ ಕಡಿಯುವ ಪ್ರಶ್ನೆಗೂ ಉತ್ತರ ಸಿಗುತ್ತದೆ. ಲೆಕ್ಕ ನೋಡಿ. 25 ಮೀಟರ್ ಎತ್ತರದ ಸಿಲ್ವರ್ ಓಕ್ ನಿಮ್ಮ ಕಣ್ಣಿನ ಮಟ್ಟದ ನೆಲದಲ್ಲೇ ನಿಂತಿದ್ದರೆ, ಅದರ ತುದಿ 10 ಡಿಗ್ರಿಗಿಂತ ಕೆಳಗೆ ಕಾಣಬೇಕಾದರೆ ಅದು 140 ಮೀಟರ್ ದೂರ ಇರಬೇಕು. ಅಷ್ಟು ಜಾಗ ಬೋಳು ಮಾಡುವುದುಂಟೇ? ಅದೇ ಮರ ನಿಮ್ಮ ಕಣ್ಣಿಗಿಂತ 15 ಮೀಟರ್ ಕೆಳಗಿನ ಇಳಿಜಾರಿನಲ್ಲಿ ಬೇರು ಬಿಟ್ಟಿದ್ದರೆ 57 ಮೀಟರ್ ದೂರ ಸಾಕು. ಕೊಡಲಿ ಮಾಡಬೇಕಾದ ಕೆಲಸವನ್ನು ಇಳಿಜಾರೇ ಮಾಡಿಕೊಡುತ್ತದೆ. ತೀರಾ ಅಡ್ಡ ಬರುವ ಒಂದೆರಡು ಸಿಲ್ವರ್ ಓಕ್ ಇದ್ದರೆ ಕೊಂಬೆ ಸವರಿಸಿ. ಕಾಫಿಗೆ ನೆರಳು ಹದ ಮಾಡಲು ಹೇಗೂ ಸವರಿಸುತ್ತೀರಲ್ಲ, ಆಗಲೇ ಇದನ್ನೂ ಮುಗಿಸಬಹುದು. ಕಾಡು ಜಾತಿಯ ಮರಗಳನ್ನು ಮುಟ್ಟಬೇಡಿ. ಪಕ್ಕದ ಊರಿನ ಬೆಳಕು ಬರುವ ದಿಕ್ಕಿನಲ್ಲಿ ಮರಗಳಿದ್ದರೆ ಅವು ನಿಮಗೆ ಉಪಕಾರವೇ ಮಾಡುತ್ತಿವೆ.

ಮನೆ ನೆಲದಿಂದ ಮೇಲೆ, ಕಂಬಗಳ ಮೇಲೆ ನಿಲ್ಲಲಿ. ಪ್ರತಿ ಕಂಬದ ಕೆಳಗೆ ಒಂದು ಕಲ್ಲಿನ ಅಥವಾ ಕಾಂಕ್ರೀಟ್ ಪೀಠ, ನೆಲದಿಂದ ಕನಿಷ್ಠ ಒಂದೂವರೆ ಅಡಿ ಎತ್ತರ. ಮರದ ಕಂಬವನ್ನು ಕಾಂಕ್ರೀಟಿನೊಳಗೆ ಹೂಳಿಸಬೇಡಿ. ಕೆಲವರು ಗಟ್ಟಿಯಾಗಲಿ ಅಂತ ಹಾಗೆ ಮಾಡುತ್ತಾರೆ. ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇಲ್ಲದೆ ಬುಡವೇ ಮೊದಲು ಕೊಳೆಯುತ್ತದೆ. ಪೀಠಕ್ಕೆ ಸತು ಲೇಪಿಸಿದ ಕಬ್ಬಿಣದ ಶೂ (ಕಂಬದ ಬುಡ ಹಿಡಿಯುವ ಕಚ್ಚು) ಕೂರಿಸಿ, ಕಂಬದ ಬುಡ ಕಲ್ಲಿನಿಂದ ಅರ್ಧ ಇಂಚಾದರೂ ಮೇಲೆ ನಿಲ್ಲುವ ಹಾಗೆ ಬೋಲ್ಟ್ ಹಾಕಿಸಿ. ಪೀಠದ ಮೇಲೆ ತಗಡಿನ ಒಂದು ಟೊಪ್ಪಿ ಇರಲಿ, ಅಂಚು ಎರಡು ಇಂಚು ಹೊರಗೆ ಬಂದು ಕೆಳಕ್ಕೆ ಬಾಗಿರಲಿ. ಗೆದ್ದಲು ಕದ್ದು ಮೇಲೆ ಹತ್ತಲು ಆಗುವುದಿಲ್ಲ. ಹತ್ತಿದರೂ ಅದರ ಮಣ್ಣಿನ ದಾರಿ ಅಂಚಿನಲ್ಲಿ ಕಣ್ಣಿಗೆ ಬೀಳುತ್ತದೆ.

ಮಾಡಿಗೆ ಮಂಗಳೂರು ಹಂಚು ಹಾಕಿಸಿ, ಇಳಿಜಾರು 30 ಡಿಗ್ರಿಗೆ ಕಡಿಮೆ ಬೇಡ. ಹಳೇ ಮನೆ ಕೆಡವಿದ ಕಡೆ ಒಳ್ಳೆಯ ಹಂಚು ಸಿಗುತ್ತದೆ. ಬೆರಳಲ್ಲಿ ತಟ್ಟಿದರೆ ಟಣ್ ಅನ್ನಬೇಕು. ಮಂದ ಸದ್ದು ಬಂದರೆ ಒಳಗೆ ಸೀಳಿರುತ್ತದೆ. ಸೂರು ನಾಲ್ಕೂ ಕಡೆ ಮೂರರಿಂದ ನಾಲ್ಕು ಅಡಿ ಹೊರಗೆ ಬರಲಿ. ನಮ್ಮ ಕಡೆ ಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದಿಂದ. ಪಶ್ಚಿಮದ ಗೋಡೆಯಲ್ಲಿ ದೊಡ್ಡ ಕಿಟಕಿ ಬೇಡ. ದಕ್ಷಿಣದ ಮಡಚುವ ಬಾಗಿಲಿಗೆ ಹೊರಗಿನಿಂದ ಹಲಗೆ ಬಾಗಿಲು ಬೇರೆ ಇರಲಿ, ಜೂನ್ ಬಂದ ಕೂಡಲೇ ಮುಚ್ಚಿಬಿಡಿ.

ಸೂರಿನಿಂದ ಬೀಳುವ ನೀರಿನ ಲೆಕ್ಕವನ್ನು ಯಾರೂ ಮಾಡುವುದಿಲ್ಲ. 400 ಚದರ ಅಡಿ ಮಾಡು, ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಅಂದುಕೊಳ್ಳಿ. ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲಿ ನಿಮ್ಮ ಕಂಬಗಳ ಬುಡಕ್ಕೆ ಬೀಳುತ್ತದೆ. ಸೂರಿನ ಅಂಚಿಗೆ ದೋಣಿ ಕಟ್ಟಿ ನೀರು ಹಿಡಿಯಿರಿ. ಟ್ಯಾಂಕಿಗೆ ಬೇಕಾದಷ್ಟು ತುಂಬಿಸಿ, ಉಳಿದದ್ದನ್ನು ಕಲ್ಲು ಹಾಸಿದ ಕಾಲುವೆಯಲ್ಲಿ ಮೊದಲೇ ಇರುವ ತೋಡಿಗೆ ಸೇರಿಸಿ. ಇಳಿಜಾರಿನಲ್ಲಿ ಇಂಗುಗುಂಡಿ ತೆಗೆಸಬೇಡಿ. ಬಯಲುಸೀಮೆಗೆ ಅದು ಒಳ್ಳೆಯದು. ಇಲ್ಲಿ ನೀರು ಕುಡಿದು ಭಾರವಾದ ಮಣ್ಣು ಜಾರುತ್ತದೆ. ಶೌಚದ ಗುಂಡಿಗೂ ಇದೇ ಮಾತು, ಮನೆಯ ನೇರ ಮೇಲೆಯೂ ಬೇಡ, ಕೆಳಗೂ ಬೇಡ, ಪಕ್ಕಕ್ಕೆ ದೂರ ಇರಲಿ.

ಇನ್ನು ಮರ. ಸಿಲ್ವರ್ ಓಕ್ ಬಳಸಬಹುದು, ಆದರೆ ಒಳಗೆ ಮಾತ್ರ. ಒಳಗೋಡೆಯ ಹಲಗೆ, ಒಳಮಾಡು, ಮಂಚ, ಕಪಾಟು, ಇದಕ್ಕೆಲ್ಲ ಚೆಂದ. ಹಲಗೆಯಲ್ಲಿ ಕಾಣುವ ಆ ಹೊಳೆಯುವ ಚುಕ್ಕೆಗಳು ಬೇರೆ ಮರದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮಳೆಗೆ ಒಡ್ಡಿದರೆ ಮಾತ್ರ ಅದು ತಾಳುವುದಿಲ್ಲ. ಕುಟ್ಟೆ ಹುಳಕ್ಕೂ ಗೆದ್ದಲಿಗೂ ಇಷ್ಟದ ಮರ ಅದು. ಕಡಿದ ಮೇಲೆ ತೋಟದಲ್ಲೇ ವಾರಗಟ್ಟಲೆ ಬಿಟ್ಟರೆ ನೀಲಿ ಬೂಷ್ಟು ಹಿಡಿಯುತ್ತದೆ. ಮಳೆ ನಿಂತ ಮೇಲೆ, ಡಿಸೆಂಬರಿನಲ್ಲಿ ಕಡಿಸಿ. ಕಡಿದ ಕೂಡಲೇ ಮಿಲ್ಲಿಗೆ ಸಾಗಿಸಿ ಹಲಗೆ ಕೊಯ್ಯಿಸಿ. ಮೆಣಸಿನ ಬಳ್ಳಿ ಹಬ್ಬಿದ ಮರ ಬಿಟ್ಟು ಬೇರೆ ಆರಿಸಿ.

ಹಸಿ ಹಲಗೆಗೇ ಬೋರಾನ್ ಮದ್ದು ಕೊಡಬೇಕು, ಒಣಗಿದ ಮೇಲಲ್ಲ. ಹಲಗೆಯೊಳಗಿನ ನೀರೇ ಮದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೋರಿಕ್ ಆಸಿಡ್ ಎರಡು ಪಾಲಾದರೆ ಬೋರಾಕ್ಸ್ ಮೂರು ಪಾಲು. ಎಷ್ಟು ನೀರಿಗೆ ಎಷ್ಟು ಅನ್ನುವುದನ್ನು ಕೆಳಗೆ ಹೇಳುವ ಸಂಸ್ಥೆಯಲ್ಲಿ ಕೇಳಿಕೊಳ್ಳಿ. ಬಿಸಿ ನೀರಿನಲ್ಲಿ ಬೇಗ ಕರಗುತ್ತದೆ. ಹಲಗೆ ಪೂರ್ತಿ ಮುಳುಗಿಸಿ ತೆಗೆದು, ಒಂದರ ಮೇಲೊಂದು ಒತ್ತಾಗಿ ಒಟ್ಟಿ, ಟಾರ್ಪಾಲಿನಲ್ಲಿ ಮುಚ್ಚಿ ಮೂರ್ನಾಲ್ಕು ವಾರ ಬಿಡಿ. ಆಮೇಲೆ ಬಿಚ್ಚಿ, ನಡುವೆ ರೀಪಿನ ತುಂಡು ಇಟ್ಟು, ನೆರಳಲ್ಲಿ ಗಾಳಿಯಾಡುವ ಹಾಗೆ ಒಟ್ಟಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಒಂದು ಇಂಚಿನ ಹಲಗೆ ಮೇ ಹೊತ್ತಿಗೆ ಒಣಗಿರುತ್ತದೆ. ತೇವ ಅಳೆಯುವ ಮೀಟರಿನಲ್ಲಿ 12ರಿಂದ 15 ಶೇಕಡಾ ತೋರಿಸಿದರೆ ಕೆಲಸಕ್ಕೆ ತಗೊಳ್ಳಬಹುದು. ಮರದ ತೇವ ಶೇ 20 ದಾಟಿ ಹಾಗೇ ಉಳಿದರೆ ಕೊಳೆಯುವ ಬೂಷ್ಟಿಗೆ ಅನುಕೂಲ, ಅದಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಬೋರಾನ್ ಮಳೆಗೆ ತೊಳೆದು ಹೋಗುತ್ತದೆ. ಸಿಲ್ವರ್ ಓಕ್ ಒಳಗೇ ಇರಲಿ ಅನ್ನುವುದಕ್ಕೆ ಇದೂ ಒಂದು ಕಾರಣ. ಈ ವಿಷಯದಲ್ಲಿ ಜಾಸ್ತಿ ತಿಳಿಯಬೇಕಾದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಕೇಳಿ.

ಕಂಬ, ತೊಲೆ, ಪಕಾಸಿಗೆ ಹಳೇ ಮನೆಯ ಮರ ಹುಡುಕಿ. ತೇಗ, ನಂದಿ, ಮತ್ತಿ, ಹಲಸು, ಯಾವುದಾದರೂ ಸರಿ, ಕೆಚ್ಚು (ಒಳಗಿನ ಗಟ್ಟಿ ಭಾಗ) ಇರಬೇಕು. ಅಂಚಿನ ಬಿಳಿ ಭಾಗ ಇದ್ದರೆ ಕೆತ್ತಿಸಿ ತೆಗೆಸಿ, ಹುಳ ಬೀಳುವುದು ಅಲ್ಲಿಂದಲೇ. ನೂರು ವರ್ಷ ನಿಂತ ತೊಲೆ ಇನ್ನು ಡೊಂಕಾಗುವುದಿಲ್ಲ, ಕುಗ್ಗುವುದಿಲ್ಲ. ಅದಕ್ಕಾಗಿ ಹೊಸದಾಗಿ ಒಂದು ಮರವೂ ಉರುಳುವುದಿಲ್ಲ. ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಮರದ ಮನೆ ಪರಿಸರಕ್ಕೆ ಒಳ್ಳೆಯದು ಅನ್ನುವುದು ಆ ಇಂಗಾಲ ಮರದಲ್ಲೇ ಉಳಿದರೆ ಮಾತ್ರ. ಹದಿನೈದು ವರ್ಷಕ್ಕೆ ಕೊಳೆತು ಮತ್ತೆ ಕಟ್ಟುವುದಾದರೆ ಏನು ಉಳಿಸಿದ ಹಾಗಾಯಿತು? ಯಾವುದಾದರೂ ಹಳೇ ಐನ್‌ಮನೆಗೆ (ಕೊಡವರ ಕುಟುಂಬದ ಮೂಲಮನೆಗೆ) ಹೋಗಿ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಸುಮ್ನೆ ಕೂತು ನೋಡಿ. ಎತ್ತರದ ಪಾಯ, ಕಲ್ಲಿನ ಮೇಲೆ ನಿಂತ ಕಂಬ, ಕಂಬಗಳಿಗೆ ನೀರು ತಾಕದಷ್ಟು ಇಳಿಬಿಟ್ಟ ಸೂರು. ಮರಕ್ಕೆ ಬೇಕಾದ ಪಾಠ ಅಷ್ಟೂ ಅಲ್ಲಿದೆ. ಆ ಮನೆಗಳ ಒಲೆಯ ಹೊಗೆಯೂ ಮರವನ್ನು ಕಾಯ್ದಿದೆ. ನಿಮ್ಮ ಮನೆಯಲ್ಲಿ ಒಲೆ ಇರುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ಬೀಗ ಹಾಕಿ ಮರೆಯಬೇಡಿ. ಮಳೆ ಬಿಟ್ಟಾಗ ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ಬಾಗಿಲು ತೆಗೆದು ಗಾಳಿಯಾಡಿಸಲಿ.

ಕಾನೂನಿನ ಮಾತು ಚುಟುಕಾಗಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆ ಹಾಗಲ್ಲ. ನಿಮ್ಮ ಜಾಗ ಜಮ್ಮಾ ಬಾಣೆಯೋ (ಕೊಡಗಿನ ಹಳೇ ಹಿಡುವಳಿ), ರಿಡೀಮ್ಡೋ ಅನ್‌ರಿಡೀಮ್ಡೋ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದೋ ಕಟ್ಟದ್ದೋ) ಅನ್ನುವುದರ ಮೇಲೆ ಮರದ ಹಕ್ಕು ಬದಲಾಗುತ್ತದೆ. ಕೊಡಲಿ ಎತ್ತುವ ಮೊದಲು ಆರ್‌ಟಿಸಿ ಹಿಡಿದುಕೊಂಡು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ ಬನ್ನಿ. ತೋಟದ ಜಾಗದಲ್ಲಿ ಮನೆ ಕಟ್ಟಲು ಭೂ ಪರಿವರ್ತನೆ ಬೇಕಾ ಅಂತ ತಾಲ್ಲೂಕು ಕಚೇರಿಯಲ್ಲೂ ಕೇಳಿ.

ಅಟ್ಟಣೆಯ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಇಷ್ಟದ ಭಾಗ ಇದು. 12 ಅಡಿಗೆ 14 ಅಡಿ ಇದ್ದರೆ ನಾಲ್ಕು ಜನ ಕಾಲು ಚಾಚಿ ಮಲಗಬಹುದು, ಟೆಲಿಸ್ಕೋಪಿಗೂ ಜಾಗ ಉಳಿಯುತ್ತದೆ. ಇದು ಪೂರ್ತಿ ಮಳೆಗೆ ಬಿದ್ದಿರುವ ಭಾಗ. ಹಾಗಾಗಿ ಇಲ್ಲಿ ಕೆಚ್ಚು ಮರ ಮಾತ್ರ. ಹಲಗೆಗಳ ನಡುವೆ ಕಾಲಿಂಚು ಸಂದು ಬಿಡಿ, ನೀರು, ಕಸ ಕೆಳಗೆ ಬೀಳಲಿ. ಹಲಗೆಯ ತುದಿಗಳಿಗೆ ಮೇಣ ಅಥವಾ ದಪ್ಪ ಪೇಂಟ್ ಬಳಿಸಿ, ಮರ ಅತಿ ಹೆಚ್ಚು ನೀರು ಕುಡಿಯುವುದು ಕೊಯ್ದ ತುದಿಯಿಂದ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಜಂತಿಯ ಮೇಲ್ಮೈಗೆ ಒಂದು ತಗಡಿನ ಪಟ್ಟಿ ಹಾಕಿ ಆಮೇಲೆ ಹಲಗೆ ಕೂರಿಸಿದರೆ ಜಂತಿ ಎರಡರಷ್ಟು ಕಾಲ ಬಾಳುತ್ತದೆ ಅಂತಲೇ ಇಟ್ಟುಕೊಳ್ಳಿ. ಅಟ್ಟಣೆಯನ್ನು ಮನೆಯ ಚೌಕಟ್ಟಿಗೆ ಜೋಡಿಸಬೇಡಿ, ಬೇರೆಯೇ ಕಂಬಗಳ ಮೇಲೆ ನಿಲ್ಲಲಿ. ಹಲಗೆ ಸವೆದರೆ ಅಷ್ಟನ್ನೇ ಬದಲಾಯಿಸಬಹುದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಹಸಿರು ಮದ್ದು ಹಾಕಿದ ಹಲಗೆ ಅಗ್ಗಕ್ಕೆ ಸಿಕ್ಕರೂ ಬೇಡ. ಮಕ್ಕಳು ಅದರ ಮೇಲೆ ಮಲಗುತ್ತಾರೆ.

ಮರದ ಅಟ್ಟಣೆಯಲ್ಲಿ ಒಂದು ತೊಡಕಿದೆ. ಒಬ್ಬರು ಹೆಜ್ಜೆ ಇಟ್ಟರೆ ಟೆಲಿಸ್ಕೋಪಿನಲ್ಲಿ ಶನಿಗ್ರಹ ಕುಣಿಯುತ್ತದೆ. ನೂರು ಪಟ್ಟು ದೊಡ್ಡದಾಗಿ ತೋರಿಸುವ ಯಂತ್ರ ಅಲುಗಾಟವನ್ನೂ ನೂರು ಪಟ್ಟು ತೋರಿಸುತ್ತದೆ. ಅದಕ್ಕೆ ಟೆಲಿಸ್ಕೋಪಿಗೆ ಬೇರೆಯದೇ ಕಾಲು ಬೇಕು. ಒಂದು ದಪ್ಪ ಕಲ್ಲುಕಂಬ ತನ್ನಿ. ಮೂರು ಅಡಿ ಗುಂಡಿ ತೆಗೆದು, ತಳಕ್ಕೆ ಕಾಂಕ್ರೀಟ್ ಹಾಕಿ ನಿಲ್ಲಿಸಿ. ಅಟ್ಟಣೆಯ ಹಲಗೆಯಲ್ಲಿ ಕಂಬಕ್ಕಿಂತ ದೊಡ್ಡ ತೂತು ಕೊರೆಸಿ, ಸುತ್ತಲೂ ಒಂದು ಇಂಚು ಬಿಟ್ಟು ಕಂಬ ಮೇಲೆ ಬರಲಿ. ಕಲ್ಲಿಗೂ ಹಲಗೆಗೂ ಎಲ್ಲೂ ತಾಕಬಾರದು. ಕೆಲಸ ಮುಗಿದ ಮೇಲೆ ಒಂದು ತೆಳು ರಟ್ಟನ್ನು ಆ ಸಂದಿನಲ್ಲಿ ಸುತ್ತಲೂ ಆಡಿಸಿ ನೋಡಿ. ಸಿಕ್ಕಿಬಿದ್ದ ಕಡೆ ಉಳಿ ಆಡಿಸಬೇಕು. ಆಚಾರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ, ಇಲ್ಲದಿದ್ದರೆ ಸಂದು ಕೆಟ್ಟದಾಗಿ ಕಾಣುತ್ತದೆ ಅಂತ ಅವರು ಪಟ್ಟಿ ಹೊಡೆದು ಮುಚ್ಚಿಬಿಡುತ್ತಾರೆ.

ಮರದ ಒಂದು ದೊಡ್ಡ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಂಕ್ರೀಟ್ ತಾರಸಿ ಹಗಲಿನ ಬಿಸಿಯನ್ನು ನಡುರಾತ್ರಿಯವರೆಗೂ ಬಿಡುತ್ತಿರುತ್ತದೆ. ಆ ಬಿಸಿಗಾಳಿ ಮೇಲೇಳುವಾಗ ಟೆಲಿಸ್ಕೋಪಿನಲ್ಲಿ ಕಾಣುವ ಗ್ರಹ ಕದಡಿದ ನೀರಿನಲ್ಲಿ ಕಂಡ ಹಾಗೆ ನಡುಗುತ್ತದೆ. ತೆಳು ಹಲಗೆ ಬೇಗ ತಣಿಯುತ್ತದೆ. ಟೆಲಿಸ್ಕೋಪ್ ಇಡಲು ಅಟ್ಟಣೆಗೆ ತೆರೆದುಕೊಳ್ಳುವ, ಗಾಳಿಯಾಡುವ ಒಂದು ಕಪಾಟು ಮಾಡಿಸಿ. ಹೊರಗಿನ ಗಾಳಿಯಷ್ಟೇ ತಣ್ಣಗಿದ್ದರೆ ತೆಗೆದ ಕೂಡಲೇ ಬಳಸಬಹುದು. ಮಳೆಗಾಲಕ್ಕೆ ಮಾತ್ರ ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿಬಿಡಿ. ಕೊಡಗಿನ ಜುಲೈಯಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಲು ಜಾಸ್ತಿ ದಿನ ಬೇಡ.

ಕತ್ತಲೆಯನ್ನೂ ಕಟ್ಟಬೇಕಾಗುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಒಂದು ಸಲ ಮೊಬೈಲ್ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ. ಮಂದ ಕೆಂಪು ಬೆಳಕು ಮಾತ್ರ ಅಷ್ಟು ಕೆಡಿಸುವುದಿಲ್ಲ. ಹಾಗಾಗಿ ಮನೆಯ ಒಳಗೆ ಎರಡು ಸಾಲು ದೀಪ ಇರಲಿ. ಒಂದು ಮಾಮೂಲಿಗೆ, 2,200 ಕೆಲ್ವಿನ್ನಿನ ಹಳದಿ ಬೆಳಕು. ಇನ್ನೊಂದು ಬರೀ ಕೆಂಪು. ಶೌಚಾಲಯಕ್ಕೂ ಕೆಂಪು ದೀಪ ಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಹೊರಗಿನ ದಾರಿಗೆ ಮೊಣಕಾಲಿಗಿಂತ ಕೆಳಗೆ, ಮುಚ್ಚಳ ಇರುವ, ನೆಲಕ್ಕೆ ಮಾತ್ರ ಬೀಳುವ ದೀಪ. ಬಿಳಿ ಎಲ್‌ಇಡಿಯಲ್ಲಿ ನೀಲಿ ಅಂಶ ಜಾಸ್ತಿ, ಅದು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಹುಳಹುಪ್ಪಟೆಯೂ ಅದಕ್ಕೇ ಮುತ್ತುತ್ತದೆ. ಮೇ ಕೊನೆಯ ಹೊತ್ತಿಗೆ ತೋಟದಲ್ಲಿ ಮಿಂಚುಹುಳ ಏಳುತ್ತವಲ್ಲ, ಅವು ಒಂದಕ್ಕೊಂದು ಬೆಳಕಿನಲ್ಲೇ ಕರೆಯುವುದು. ನಮ್ಮ ದೀಪ ಅದಕ್ಕೆ ಅಡ್ಡಿ. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಲ್ಲಿ ಪಾಲಿಸುವುದೂ ಇದನ್ನೇ: ದೀಪಕ್ಕೆ ಮುಚ್ಚಳ, ಕಿಟಕಿಗೆ ದಪ್ಪ ಪರದೆ.

ನಿಮ್ಮ ತೋಟದ ಲೈನ್ ಮನೆಗಳ (ಕೆಲಸದವರ ಸಾಲುಮನೆಗಳ) ದೀಪ ಆರಿಸಿ ಅಂತ ಯಾರಿಗೂ ಹೇಳಬೇಡಿ. ರಾತ್ರಿ ಆನೆ ಬರುವ ಜಾಗದಲ್ಲಿ ಅಂಗಳದ ದೀಪ ಅವರಿಗೆ ಜೀವದ ಪ್ರಶ್ನೆ. ಬದಲಿಗೆ ನಿಮ್ಮ ಖರ್ಚಿನಲ್ಲಿ ಮುಚ್ಚಳವಿರುವ ಹಳದಿ ದೀಪ ಹಾಕಿಸಿಕೊಡಿ. ಅಂಗಳಕ್ಕೆ ಬೆಳಕು ಜಾಸ್ತಿಯೇ ಬೀಳುತ್ತದೆ, ಆಕಾಶಕ್ಕೆ ಹೋಗುವುದು ನಿಲ್ಲುತ್ತದೆ.

ಆನೆಯ ಮಾತು ಬಂತು. ಇದನ್ನು ಹಗುರವಾಗಿ ತಗೊಳ್ಳಬೇಡಿ. ಮನೆಯ ಹತ್ತಿರ ಹಲಸಿನ ಮರ, ಬಾಳೆ ಇರುವ ಜಾಗ ಆರಿಸಬೇಡಿ. ಆನೆ ಓಡಾಡುವ ದಾರಿಯಲ್ಲಿ ಮನೆ ಬರಬಾರದು. ಶೌಚಾಲಯ ಮನೆಯೊಳಗಿನಿಂದಲೇ ಹೋಗುವ ಹಾಗಿರಲಿ. ಅಟ್ಟಣೆ ಇಳಿಜಾರಿನ ಕಡೆ ಎತ್ತರದಲ್ಲಿದ್ದು, ಹತ್ತುವ ದಾರಿ ಮನೆಯೊಳಗಿನಿಂದ ಮಾತ್ರ ಇದ್ದರೆ ಕತ್ತಲೆಯಲ್ಲಿ ಕೂರಲು ಧೈರ್ಯ. ಕತ್ತಲಾಗುವ ಮೊದಲೇ ಎಲ್ಲರೂ ಮನೆ ಸೇರಿರಬೇಕು. ರಾತ್ರಿ ಆಕಾಶ ನೋಡಲು ತೋಟದಲ್ಲಿ ನಡೆದು ಬರುವುದು ಬೇಡ.

ಟೆಲಿಸ್ಕೋಪ್ ಕೊನೆಗೆ. ಈಗಲೇ ತಗೊಳ್ಳಬೇಡಿ. ಮರ ಒಣಗಿಸಿ, ಒಂದು ಬೇಸಿಗೆಯಲ್ಲಿ ಪಾಯ ಮತ್ತು ಮಾಡು ಮುಗಿಸಿ, ಒಂದು ಮಳೆಗಾಲ ಎಲ್ಲಿ ಸೋರುತ್ತದೆ ಅಂತ ನೋಡಿ, ಆಮೇಲೆ ಅಟ್ಟಣೆ ಹಾಕಿಸಿ. ಅಷ್ಟರವರೆಗೆ 10x50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಲೆನ್ಸಿನದು) ಸಾಕು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಆಕಾಶ ತೆರೆಯುತ್ತದೆ. ಹುತ್ತರಿಯ ರಾತ್ರಿ ಹುಣ್ಣಿಮೆ ಚಂದ್ರ ರೋಹಿಣಿಯ ಹತ್ತಿರ ಇರುತ್ತಾನೆ, ಆ ಬೆಳಕಿಗೆ ಮಬ್ಬು ನಕ್ಷತ್ರಗಳು ಕಾಣುವುದಿಲ್ಲ. ಹತ್ತು ದಿನ ಬಿಟ್ಟು, ಅಮಾವಾಸ್ಯೆಯ ಆಚೀಚೆ ನೋಡಿ. ಡಿಸೆಂಬರ್ 14ರ ಸುಮಾರಿಗೆ ಜೆಮಿನಿಡ್ ಉಲ್ಕೆಗಳು ಬೀಳುತ್ತವೆ, ಅದಕ್ಕೆ ಬೈನಾಕ್ಯುಲರೂ ಬೇಡ. ಆಮೇಲೆ ತಗೊಳ್ಳುವುದಾದರೆ ಎಂಟು ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಲ್ಲೇ ತಿರುಗಿಸುವ ಕನ್ನಡಿ ಟೆಲಿಸ್ಕೋಪ್) ತಗೊಳ್ಳಿ. ಮೋಟಾರಿಲ್ಲ, ಕೆಡುವಂಥದ್ದು ಏನೂ ಇಲ್ಲ. ಅದು ನೆಲಕ್ಕೆ ಹತ್ತಿರ ಕೂರುವುದರಿಂದ ಕಲ್ಲುಕಂಬ ಅಟ್ಟಣೆಗಿಂತ ಒಂದೂವರೆ ಅಡಿ ಮೇಲೆ ಬಂದರೆ ಸಾಕು, ಮೇಲೆ ಎರಡಡಿ ಚೌಕದ ಒಂದು ಕಲ್ಲುಚಪ್ಪಡಿ ಕೂರಿಸಿ. ಫೋಟೋ ತೆಗೆಯುವ ಮನಸ್ಸಿದ್ದರೆ ಬೇರೆ ಸ್ಟ್ಯಾಂಡ್ ಬೇಕು, ಆಗ ಕಂಬ ಮೂರು ಅಡಿ ಇರಬೇಕು. ಯಾವುದು ಅಂತ ಕಂಬ ನೆಡುವ ಮೊದಲೇ ಮಕ್ಕಳ ಜೊತೆ ಕೂತು ತೀರ್ಮಾನ ಮಾಡಿಕೊಳ್ಳಿ.